ಊರೆಲ್ಲಿ ಸ್ವಾಮಿ, ಬರೀ ಹುಲ್ಲು!

ಹೋದ ಸಂಚಿಕೆಯ ಕೊನೇ ಪುಟದಲ್ಲಿ ಒಂದು ಫೋಟೋ ಹಾಕಿದ್ವಿ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ವಾರಂ ಪರ್ಸಿ ಅಂತ ಒಂದು ಹಾಳೂರು, ಅದರ ಚರ್ಚ್, ಸೂರಿಲ್ಲ, ಗೋಪುರ ಅರ್ಧ ಬಿದ್ದಿದೆ, ಪಕ್ಕದಲ್ಲಿ ಹಸು ಮೇಯ್ತಿದೆ. ಕೆಳಗೆ ಎರಡೇ ಸಾಲು ಬರೆದಿದ್ವಿ, "ಸುಮಾರು 1500ನೇ ಇಸವಿ ಹೊತ್ತಿಗೆ ಜನ ಖಾಲಿಯಾದ ಊರು" ಅಂತ. ಅದಕ್ಕೆ ಬಂದಿರೋ ಪತ್ರಗಳು ನೋಡಿ ನಾವೇ ದಂಗಾದ್ವಿ, ಹಾಗಾಗಿ ಈ ಸಲ ಬೇರೆ ವಿಷಯ ಎಲ್ಲಾ ಪಕ್ಕಕ್ಕಿಟ್ಟು ಪೂರ್ತಿ ಇದೇ.

ಪ್ರಶ್ನೆ: ನನ್ನ ಮಗ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ನಾವು ಗಂಡ ಹೆಂಡ್ತಿ ಅಲ್ಲಿಗೆ ಹೋಗಿದ್ದಾಗ ನೀವು ಫೋಟೋ ಹಾಕಿದ್ರಲ್ಲ ಅದೇ ಜಾಗಕ್ಕೆ ಕರ್ಕೊಂಡು ಹೋಗಿದ್ದ. ಕಾರ್ ನಿಲ್ಸಿ ಇಳಿಜಾರಲ್ಲಿ ಸುಮಾರು ದೂರ ನಡೆಸಿದ, ಕೊನೆಗೆ ಒಂದು ಬಯಲಲ್ಲಿ ನಿಲ್ಸಿ "ಅಮ್ಮಾ, ನೀನೀಗ ಊರ ನಟ್ಟನಡುವೆ ನಿಂತಿದೀಯ" ಅಂದ. ನಂಗೆ ಕಂಡಿದ್ದು ಹುಲ್ಲು, ಸಗಣಿ, ಒಂದಷ್ಟು ಉಬ್ಬುತಗ್ಗು. ಊರೆಲ್ಲೋ ಅಂದ್ರೆ ನಗ್ತಾನೆ. ನಂಗೆ ಕಣ್ಣು ಸರಿ ಇಲ್ವಾ ಅಥವಾ ಅವನು ತಮಾಷೆ ಮಾಡಿದ್ನಾ?

ಉತ್ತರ: ನಿಮ್ಮ ಕಣ್ಣು ಸರಿಯಾಗೇ ಇದೆ ತಾಯಿ, ಮಗ ಹೇಳಿದ್ದೂ ನಿಜ, ತಪ್ಪಿದ್ದು ಹೊತ್ತು ಅಷ್ಟೇ. ಬಹುಶಃ ಬೇಸಿಗೆಯಲ್ಲಿ ನಡುಮಧ್ಯಾಹ್ನ ಹೋಗಿರ್ತೀರ. ಸೂರ್ಯ ನೆತ್ತಿ ಮೇಲಿದ್ದಾಗ ಅಲ್ಲಿ ಏನೂ ಕಾಣಲ್ಲ, ಹುಲ್ಲು ಬೇರೆ ಮೊಣಕಾಲಿಗೆ ಬಂದಿರುತ್ತೆ. ಅದೇ ಚಳಿಗಾಲದಲ್ಲಿ ಸಂಜೆ ಮೂರು ಗಂಟೆಗೆ ಹೋಗಿ ನಿಂತ್ರೆ, ಆ ದೇಶದಲ್ಲಿ ಆಗ ಸೂರ್ಯ ನೆಲದ ಮಟ್ಟಕ್ಕೆ ಇಳಿದಿರ್ತಾನೆ ನೋಡಿ, ಒಂದು ಗೇಣು ಎತ್ತರದ ಉಬ್ಬಿಗೂ ಮಾರುದ್ದ ನೆರಳು ಬೀಳುತ್ತೆ, ಆಗ ಗೋಡೆಗಳು, ಓಣಿ, ಹಿತ್ತಲು ಎಲ್ಲಾ ಯಾರೋ ಪೆನ್ಸಿಲಲ್ಲಿ ಗೀಚಿದ ಹಾಗೆ ಎದ್ದು ಬರುತ್ತೆ. ತೆಳ್ಳಗೆ ಹಿಮ ಬಿದ್ದಿದ್ರೆ ಇನ್ನೂ ಚೆನ್ನ, ತಗ್ಗಲ್ಲಿ ಹಿಮ ಉಳ್ಕೊಂಡು ಉಬ್ಬಿನ ಮೇಲೆ ಬೇಗ ಕರಗುತ್ತೆ.

ಈಗ ನೀವು ನಿಂತಿದ್ದ ಜಾಗ ನೆನಪು ಮಾಡ್ಕೊಳ್ಳಿ, ಒಂದೊಂದಾಗಿ ಹೇಳ್ತೀನಿ. ಉದ್ದಕ್ಕೆ ಒಂದು ಕಾಲುವೆ ಥರ ತಗ್ಗು ಇತ್ತಲ್ಲ, ನೀರಿಲ್ಲದ್ದು? ಅದು ಊರ ಬೀದಿ. ಜನ, ದನ, ಗಾಡಿ ಓಡಾಡಿ ಓಡಾಡಿ, ಮಳೆ ನೀರೂ ಅದೇ ದಾರಿ ಹಿಡಿದು, ಕೆಲವು ನೂರು ವರ್ಷದಲ್ಲಿ ಅಕ್ಕಪಕ್ಕದ ನೆಲಕ್ಕಿಂತ ಕೆಳಗೆ ಹೋಗಿದೆ. ಇಂಗ್ಲಿಷರು ಇದಕ್ಕೆ ಹಾಲೋವೇ ಅಂತಾರೆ, ನಾವು ತಗ್ಗಿನ ಓಣಿ ಅಂದ್ಕೊಳ್ಳೋಣ. ಆ ಓಣಿಯ ಅಂಚಲ್ಲಿ ಮಂಚದ ಹಾಗೆ ಚಪ್ಪಟೆಯಾಗಿ ಎದ್ದಿರೋ ದಿಣ್ಣೆಗಳಿದ್ವಲ್ಲ, ಒಂದಾದ ಮೇಲೊಂದು ಸಾಲಾಗಿ, ಒಂದೊಂದೂ ಒಂದೊಂದು ಮನೆ ಅಂಗಳ. ಮನೆ ನಿಂತಿದ್ದ ಆ ಜಾಗಕ್ಕೆ ಟಾಫ್ಟ್ ಅಂತಾರೆ, ಅದರ ಹಿಂದೆ ಉದ್ದಕ್ಕೆ ಹೋಗೋ ಪಟ್ಟಿಗೆ ಕ್ರಾಫ್ಟ್ ಅಂತಾರೆ, ಅಂದ್ರೆ ಹಿತ್ತಲೇ. ಸೊಪ್ಪು ಬೆಳೆಯೋದು, ಕೋಳಿ ಹಂದಿ ಬಿಡೋದು, ಕರು ಕಟ್ಟೋದು ಎಲ್ಲಾ ಅಲ್ಲಿ. ಹಿತ್ತಲು ಹಿತ್ತಲಿಗೂ ಮಧ್ಯ ಸಣ್ಣ ಬದು ಈಗಲೂ ಇದೆ, ನೀವು ಅದನ್ನ ಎಡವಿರಲೂಬಹುದು. ಇಂಥ ಮನೆ ನೆಲೆಗಳು ವಾರಂ ಪರ್ಸಿಯಲ್ಲಿ ಸುಮಾರು ನಲವತ್ತು ಗುರುತಿಸಿದ್ದಾರೆ. ಮೇಲೆ ದಿಬ್ಬದ ಮೇಲೆ ಒಂದು ದೊಡ್ಡ ಸಾಲು, ಜಮೀನ್ದಾರನ ಬಂಗಲೆ ಜಾಗ ಬೇರೆ, ಕೆಳಗೆ ಕಣಿವೇಲಿ ಚರ್ಚ್ ಮತ್ತೆ ಕೆರೆ. ಆ ಕೆರೆಗೆ ಅಡ್ಡ ಒಡ್ಡು ಹಾಕಿ ಮೊದಲು ಹಿಟ್ಟಿನ ಗಿರಣಿ ಓಡಿಸ್ತಿದ್ರು, ಆಮೇಲೆ ಮೀನು ಸಾಕಿದ್ರು.

ಇನ್ನೊಂದು ಸಲ ಹೋದ್ರೆ ಚರ್ಚ್ ಗೋಡೇನ ಸುಮ್ನೆ ಹತ್ರ ಹೋಗಿ ನೋಡಿ. ಗೋಡೆಯೊಳಗೆ ಕಂಬ, ಕಮಾನು ಹೂತುಹೋದ ಹಾಗೆ ಕಾಣುತ್ತೆ. ಮೊದಲು ಅಲ್ಲಿ ಗೋಡೆ ಇರ್ಲಿಲ್ಲ, ಕಮಾನು ತೆರೆದಿತ್ತು, ಆಚೆ ಕಡೆ ಇನ್ನೊಂದು ಪಡಸಾಲೆ ಇತ್ತು. ಜನ ಜಾಸ್ತಿ ಆದಾಗ ಚರ್ಚನ್ನ ಎರಡೂ ಪಕ್ಕ ಹಿಗ್ಗಿಸಿದ್ರು, ಜನ ಕಮ್ಮಿ ಆದಾಗ ಆ ಪಡಸಾಲೆ ಕೆಡವಿ ಕಮಾನಿಗೆ ಕಲ್ಲು ತುಂಬಿ ಮುಚ್ಚಿಬಿಟ್ರು. ಬೊಜ್ಜು ಕರಗಿದ ಮೇಲೆ ಅಂಗಿ ಹಿಡಿದು ಹೊಲಿಸಿದ ಹಾಗೆ. ಊರಿನ ಜನಸಂಖ್ಯೆ ಏರಿಳಿದಿದ್ದು ಆ ಗೋಡೆಯಲ್ಲಿದೆ, ಜನಗಣತಿ ಪುಸ್ತಕ ಬೇಕಿಲ್ಲ. ಊರು ಹೋದ ಮೇಲೂ ಅಕ್ಕಪಕ್ಕದ ಹಳ್ಳಿಯವರು ಅದೇ ಚರ್ಚಿಗೆ ಬರ್ತಿದ್ರು, ಅದಕ್ಕೇ ಅದೊಂದು ಉಳೀತು. ಕೊನೇ ಪ್ರಾರ್ಥನೆ ನಡೆದಿದ್ದು 1949ರಲ್ಲಿ, ಗೋಪುರ ಅರ್ಧ ಕುಸಿದಿದ್ದು 1959ರಲ್ಲಿ.

ಪ್ರಶ್ನೆ: ಇದರಲ್ಲಿ ಇಷ್ಟೊಂದು ಹೇಳೋಕೆ ಏನಿದೆ? 1348ರಲ್ಲಿ ಬ್ಲ್ಯಾಕ್ ಡೆತ್ ಪ್ಲೇಗ್ ಬಂತು, ಊರವರೆಲ್ಲಾ ಸತ್ರು, ಊರು ಹಾಳಾಯ್ತು. ಹೈಸ್ಕೂಲಲ್ಲಿ 30 ವರ್ಷ ನಾನು ಇದನ್ನೇ ಪಾಠ ಮಾಡಿದ್ದೀನಿ. — ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು

ಉತ್ತರ: ಮೇಷ್ಟ್ರೇ, ನಿಮ್ಮ ಹತ್ರ ವಾದ ಮಾಡೋಷ್ಟು ದೊಡ್ಡವನಲ್ಲ ನಾನು, ಆದ್ರೂ ಕೇಳಿ. 1348ರ ಬೇಸಿಗೆಯಲ್ಲಿ ಪ್ಲೇಗ್ ಇಂಗ್ಲೆಂಡಿನ ದಕ್ಷಿಣದ ಬಂದರಿಗೆ ಬಂದು ಇಳೀತು, ಮುಂದಿನ ವರ್ಷ ಮುಗಿಯೋ ಹೊತ್ತಿಗೆ ಮೂರರಲ್ಲಿ ಒಂದು ಪಾಲು, ಕೆಲವರ ಲೆಕ್ಕದಲ್ಲಿ ಅರ್ಧದಷ್ಟು ಜನ ಸತ್ತಿದ್ರು, ಇದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಒಂದು ಏಟಿಗೇ ಪೂರ್ತಿ ಖಾಲಿಯಾಗಿ ಮತ್ತೆ ಯಾರೂ ಬಾರದೇ ಹೋದ ಊರುಗಳು ಕೈಬೆರಳೆಣಿಕೆಯಷ್ಟೇ. ವಾರಂ ಪರ್ಸಿಯನ್ನೇ ತಗೊಳ್ಳಿ, ಪ್ಲೇಗ್ ಹೋಗಿ ಇಪ್ಪತ್ತು ವರ್ಷ ಆದ್ಮೇಲೂ ಅಲ್ಲಿ ಸುಮಾರು 30 ಮನೇಲಿ ದೀಪ ಉರೀತಿತ್ತು. ಸತ್ತೋರ ಜಮೀನಿಗೆ ಬೇರೆ ಊರಿಂದ ಜನ ಬಂದು ಕೂತಿರ್ತಾರೆ.

ಊರು ಸೊರಗೋಕೆ ಶುರುವಾಗಿದ್ದು ಪ್ಲೇಗಿಗಿಂತ ಮುಂಚೆ. 1315ರಿಂದ 1317ರವರೆಗೆ ಮಳೆ ನಿಲ್ಲದೇ ಸುರಿದು ಬೆಳೆ ಕೊಳೆತು ಘೋರ ಬರಗಾಲ ಬಂದಿತ್ತು, ಉತ್ತರದ ಕಡೆ ಸ್ಕಾಟ್ಲೆಂಡಿನವರ ದಾಳಿ ಬೇರೆ. ಅದರ ಮೇಲೆ ಪ್ಲೇಗ್. ಪ್ಲೇಗಿನ ನಿಜವಾದ ಪರಿಣಾಮ ಕಂಡಿದ್ದು ಆಮೇಲೆ, ನಿಧಾನಕ್ಕೆ. ಆಳುಗಳೇ ಸಿಗದ ಹಾಗಾಯ್ತು, ಉಳಿದವರು ಕೂಲಿ ಜಾಸ್ತಿ ಕೇಳಿದ್ರು, ಸರ್ಕಾರ 1351ರಲ್ಲಿ ಕೂಲಿ ಏರಿಸಬಾರದು ಅಂತ ಕಾಯ್ದೆ ತಂದ್ರೂ ಜನ ಕೇಳಲಿಲ್ಲ. ಎಲ್ಲಿ ಒಳ್ಳೇ ಜಮೀನು, ಕಮ್ಮಿ ಗುತ್ತಿಗೆ ಸಿಗುತ್ತೋ ಅಲ್ಲಿಗೆ ಗಂಟುಮೂಟೆ ಕಟ್ಟಿದ್ರು. ಸುಡುಗಾಡು ನೆಲದ ಊರಲ್ಲಿ ಯಾಕಿರ್ತಾರೆ ಹೇಳಿ. ಹಾಗೆ ಹತ್ತು ಮನೆ, ಎಂಟು ಮನೆ ಅಂತ ಇಳಿದ ಊರಿನ ಕಡೆ ಒಡೆಯನ ಕಣ್ಣು ಬೀಳುತ್ತೆ, ಯಾಕಂದ್ರೆ ಆಗ ಉಣ್ಣೆಗೆ ಬೆಲೆ, ಉಳೋಕೆ ಹತ್ತು ಜನ ಬೇಕಾದ ಕಡೆ ಕುರಿ ಕಾಯೋಕೆ ಒಬ್ಬ ಕುರುಬ, ಒಂದು ನಾಯಿ ಸಾಕು. ಹಾಳೂರಿಗೆ ಉಳಿದೋನೇ ಗೌಡ ಅಂತೀವಲ್ಲ, ಅಲ್ಲಿ ಉಳಿದಿದ್ದು ಕುರಿ.

ನಂಗೆ ಇದರಲ್ಲಿ ಮರೆಯೋಕೇ ಆಗದ ಒಂದು ದಾಖಲೆ ಇದೆ. 1517ರಲ್ಲಿ ಕಾರ್ಡಿನಲ್ ವುಲ್ಸಿ, ಅಂದ್ರೆ ಆಗಿನ ರಾಜನ ಮುಖ್ಯ ಮಂತ್ರಿ, ಒಂದು ವಿಚಾರಣೆ ಇಡಿಸ್ತಾನೆ, ಯಾರ್ಯಾರು ಊರು ಕೆಡವಿ ಹುಲ್ಲುಗಾವಲು ಮಾಡಿದ್ದಾರೆ ಅಂತ ಪಟ್ಟಿ ತೆಗೀರಿ ಅಂತ. ಅದರಲ್ಲಿ ವಾರಿಕ್‌ಶೈರ್‌ನ ಸ್ಟ್ರೆಟನ್ ಬ್ಯಾಸ್ಕರ್ವಿಲ್ ಅನ್ನೋ ಊರಿನ ಲೆಕ್ಕ ಬರುತ್ತೆ. 1494ರಲ್ಲಿ ಹೆನ್ರಿ ಸ್ಮಿತ್ ಅನ್ನೋ ಒಡೆಯ ಉಳಿದಿದ್ದ ಮನೆಗಳನ್ನೂ ಕೆಡವಿಸಿದ, ಉತ್ತು ಬಿತ್ತಿ ಬದುಕ್ತಿದ್ದ 80 ಜನ ಅಳ್ತಾ ಊರು ಬಿಟ್ರು, ಚರ್ಚ್ ಪಾಳು ಬಿತ್ತು, ಈಗ ಅದರೊಳಗೆ ದನ ನಿಲ್ತವೆ ಅಂತ. ಸರ್ಕಾರಿ ಗುಮಾಸ್ತ ಬರೆದಿದ್ದು ಇದು, ಕವಿ ಬರೆದಿದ್ದಲ್ಲ. ಅಳ್ತಾ ಹೋದ್ರು ಅನ್ನೋ ಮಾತು ಅಂಥ ಕಾಗದದಲ್ಲಿ ಹೇಗೆ ನುಸುಳ್ತೋ ಏನೋ. ಇದಕ್ಕೂ ಮುಂಚೆ 1489ರಲ್ಲೇ ಊರು ಕೆಡವಬಾರದು ಅಂತ ಕಾನೂನು ಬಂದಿತ್ತು ಅನ್ನೋದನ್ನೂ ಸೇರಿಸಿ ಓದಿ. ಕಾನೂನು ಬಂದು ಐದು ವರ್ಷಕ್ಕೆ ಈ ಕತೆ. ವಾರಂ ಪರ್ಸಿಯ ಕೊನೇ ಕುಟುಂಬಗಳನ್ನ ಎಬ್ಬಿಸಿದ್ದೂ ಇದೇ ಕಾಲದಲ್ಲಿ, ಕುರಿಗೋಸ್ಕರವೇ.

ಹಾಗಂತ ಪ್ಲೇಗಿನ ಗುರುತು ನೆಲದಲ್ಲಿಲ್ಲ ಅಂತ ಅಲ್ಲ. ಕ್ಯಾರೆನ್ಝಾ ಲೂಯಿಸ್ ಅನ್ನೋ ಪುರಾತತ್ವದ ಮೇಡಂ ಪೂರ್ವ ಇಂಗ್ಲೆಂಡಿನ 55 ಊರುಗಳಲ್ಲಿ, ಹಾಳೂರಲ್ಲ, ಈಗಲೂ ಜನ ಇರೋ ಊರುಗಳಲ್ಲಿ, ಶಾಲೆ ಮಕ್ಕಳು, ಊರವರ ಕೈಲೇ ಅವರವರ ಹಿತ್ತಲಲ್ಲಿ ಒಂದು ಮೀಟರ್ ಉದ್ದಗಲದ ಗುಂಡಿ ತೋಡಿಸಿದ್ರು, ಒಟ್ಟು ಎರಡು ಸಾವಿರಕ್ಕೂ ಮಿಕ್ಕಿ ಗುಂಡಿ. ಪ್ರತಿ ಗುಂಡೀಲಿ ಯಾವ ಕಾಲದ ಮಡಕೆ ಚೂರು ಎಷ್ಟು ಅಂತ ಎಣಿಸಿದ್ರು. 2016ರಲ್ಲಿ ಫಲಿತಾಂಶ ಬಂತು, ಪ್ಲೇಗಿನ ನಂತರದ ಕಾಲದ ಚೂರು ಸಿಗೋ ಗುಂಡಿಗಳು ಮುಂಚಿನದಕ್ಕಿಂತ ಸುಮಾರು 45 ಪರ್ಸೆಂಟ್ ಕಮ್ಮಿ. ಉಣ್ಣೋರು ಕಮ್ಮಿಯಾದ್ರೆ ಒಡೆಯೋ ಮಡಕೆಯೂ ಕಮ್ಮಿ. ನೀವು ಪಾಠ ಮಾಡಿದ್ದು ಪೂರ್ತಿ ಸುಳ್ಳಲ್ಲ ಮೇಷ್ಟ್ರೇ, ಅರ್ಧ ಪುಟ ಮಾತ್ರ ಆಗಿತ್ತು.

ಪ್ರಶ್ನೆ: ಹಾಗಾದ್ರೆ ಈಮ್ ಅನ್ನೋ ಪ್ಲೇಗ್ ಊರು? ಅದೂ ಹಾಳೂರೇ ತಾನೇ?

ಉತ್ತರ: ಅಲ್ಲ. ಡರ್ಬಿಶೈರ್‌ನ ಈಮ್‌ಗೆ ಪ್ಲೇಗ್ ಬಂದಿದ್ದು 1665ರಲ್ಲಿ, ಅದು ಬೇರೆ ಕಾಲ. ರೋಗ ಹೊರಗೆ ಹರಡಬಾರದು ಅಂತ ಊರವರು ತಾವೇ ಒಳಗೆ ಉಳ್ಕೊಂಡು ಬಾಗಿಲು ಹಾಕ್ಕೊಂಡ್ರು. ಊರು ಇವತ್ತಿಗೂ ಇದೆ, ಜನ ಇದ್ದಾರೆ.

ಪ್ರಶ್ನೆ: ಲಂಡನ್‌ನಿಂದ ಉತ್ತರಕ್ಕೆ ರೈಲಲ್ಲಿ ಹೋಗುವಾಗ ಕಿಟಕಿಯಾಚೆ ಹುಲ್ಲುಗಾವಲುಗಳು ಸಿಮೆಂಟ್ ಶೀಟ್ ಹಾಸಿದ ಹಾಗೆ ಅಲೆ ಅಲೆಯಾಗಿ ಕಂಡವು. ನಾನು ರೈತ, ನೆಲ ಹಾಗೆ ತಾನಾಗೇ ಆಗಲ್ಲ ಅಂತ ಗೊತ್ತು. ನೀರು ಬಸಿಯೋಕೆ ಮಾಡಿದ್ದಾ? ಇದಕ್ಕೂ ನಿಮ್ಮ ಹಾಳೂರಿಗೂ ಸಂಬಂಧ ಇದೆಯಾ?

ಉತ್ತರ: ನೀವು ನೋಡಿದ್ದೇ ಆ ಹಾಳೂರುಗಳ ಹೊಲ ಸ್ವಾಮಿ! ರಿಜ್ ಅಂಡ್ ಫರೋ ಅಂತಾರೆ, ದಿಂಡು ಮತ್ತೆ ಸಾಲು. ಬೆನ್ನೆತ್ತಿದ ದಿಂಡು ಒಂದೊಂದೂ ಐದಾರು ಮೀಟರಿಂದ ಹತ್ತು ಮೀಟರ್ ಅಗಲ ಇರುತ್ತೆ, ಆಲೂಗಡ್ಡೆ ದಿಂಡಿನ ಹಾಗೆ ಸಣ್ಣದಲ್ಲ. ಅವರ ಭಾರೀ ನೇಗಿಲಿಗೆ ಮಣ್ಣನ್ನ ಮಗುಚೋ ಒಂದು ಹಲಗೆ ಇರ್ತಿತ್ತು, ಅದು ಯಾವಾಗಲೂ ಬಲಗಡೆಗೇ ಮಗುಚೋದು. ಪಟ್ಟಿಯ ನಡುಗೆರೆಯಿಂದ ಶುರು ಮಾಡಿ ಅದರ ಸುತ್ತ ಸುತ್ತ ಉತ್ಕೊಂಡು ಬಂದ್ರೆ ಎರಡೂ ಕಡೆ ಮಣ್ಣು ಒಳಕ್ಕೇ ಬೀಳುತ್ತೆ, ವರ್ಷ ವರ್ಷಾನೂ ಹಂಗೇ ಮಾಡಿದ್ರೆ ನಡುವೆ ಬೆನ್ನು ಏಳುತ್ತೆ, ಅಂಚು ತಗ್ಗುತ್ತೆ. ಜಿಗಟು ಮಣ್ಣಲ್ಲಿ ನೀರು ಆ ತಗ್ಗಿಗೆ ಬಸಿದು ಹೋಗ್ತಿತ್ತು, ಅಷ್ಟರ ಮಟ್ಟಿಗೆ ನಿಮ್ಮ ಊಹೆ ಸರಿ.

ಆದ್ರೆ ನಿಜವಾದ ಮಜಾ ಎಲ್ಲಿದೆ ಅಂದ್ರೆ, ಹಳೇ ದಿಂಡು ಯಾವತ್ತೂ ನೇರ ಇರಲ್ಲ. ಎಸ್ ಅಕ್ಷರ ತಿರುವಿ ಬರೆದ ಹಾಗೆ ಎರಡು ತುದೀಲೂ ಬಾಗಿರುತ್ತೆ. ಎಂಟು ಎತ್ತು, ಅಂದ್ರೆ ನಾಲ್ಕು ಜೋಡಿ, ಒಂದರ ಹಿಂದೊಂದು ಕಟ್ಟಿರ್ತಿದ್ರು, ಅಷ್ಟುದ್ದದ ಸಾಲನ್ನ ಹೊಲದ ಕೊನೇಲಿ ಗಕ್ಕಂತ ತಿರುಗಿಸೋಕೆ ಆಗುತ್ತಾ? ನೇಗಿಲು ಇನ್ನೂ ಹೊಲದೊಳಗೆ ಇರುವಾಗ್ಲೇ ಮುಂದಿನ ಜೋಡಿ ಪಕ್ಕಕ್ಕೆ ಎಳೆಯೋಕೆ ಶುರು ಮಾಡ್ಬೇಕು. ಎತ್ತು ಹೊಡೆದೋರಿಗೆ ಇದನ್ನ ನಾನು ಹೇಳಿಕೊಡ್ಬೇಕಿಲ್ಲ. ಆ ಎತ್ತುಗಳು ಹೋಗಿ ಆರುನೂರು ವರ್ಷ ಆಯ್ತು, ಅವು ತಿರುಗಿದ ತಿರುವು ಮಾತ್ರ ನಿಮ್ಮ ರೈಲಿನ ಕಿಟಕೀಲಿ ಕಾಣಿಸ್ತು. ಫರ್ಲಾಂಗ್ ಅಂತ ನಮ್ಮ ಹಿರಿಯರೂ ಹೇಳ್ತಿದ್ರಲ್ಲ, ಆ ಪದ ಹುಟ್ಟಿದ್ದೂ ಇಲ್ಲೇ, ನೇಗಿಲ ಸಾಲಿನ ಉದ್ದ ಅಂತ ಅದರ ಅರ್ಥ, 220 ಗಜ.

ಒಬ್ಬೊಬ್ಬ ರೈತನಿಗೆ ಒಂದೇ ಕಡೆ ಜಮೀನಿರಲಿಲ್ಲ, ಇಲ್ಲೊಂದು ಪಟ್ಟಿ ಅಲ್ಲೊಂದು ಪಟ್ಟಿ, ಒಳ್ಳೇ ಮಣ್ಣು ಕೆಟ್ಟ ಮಣ್ಣು ಎಲ್ರಿಗೂ ಹಂಚ್ಕೊಂಡ ಹಾಗೆ. ಊರು ಎದ್ದು ಹೋಗಿ ಹೊಲ ಹುಲ್ಲಾದಾಗ ಆ ದಿಂಡುಗಳು ಕೊನೇ ಉಳುಮೆಯ ಸ್ಥಿತಿಯಲ್ಲೇ ನಿಂತುಬಿಟ್ಟವು. ಕುರಿ ಊರನ್ನ ತಿಂತು ಸರಿ, ಹೊಲದ ನಕ್ಷೆ ಕಾಪಾಡಿದ್ದೂ ಆ ಕುರಿಯೇ. ಎರಡನೇ ಮಹಾಯುದ್ಧದ ಕಾಲದಿಂದ ಟ್ರ್ಯಾಕ್ಟರ್ ಬಂದು ಬಹಳಷ್ಟು ಕಡೆ ನೆಲಸಮ ಆಯ್ತು. ಒಂದು ಎಚ್ಚರ ಹೇಳ್ತೀನಿ, ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿ, ಕಿರಿದಾಗಿ ಇರೋ ದಿಂಡು ಕಂಡ್ರೆ ಅದು ಹಳೇದಲ್ಲ, 19ನೇ ಶತಮಾನದ್ದು ಇರಬಹುದು.

ಪ್ರಶ್ನೆ: ಮಣ್ಣು, ಕಡ್ಡಿ, ಹುಲ್ಲಿನ ಮನೆ. ಐನೂರು ವರ್ಷ ಆದ್ಮೇಲೆ ಅಗೆದ್ರೆ ಏನ್ ಸಿಗುತ್ತೆ ಸಾರ್? ಚಿನ್ನ ಗಿನ್ನ ಸಿಕ್ಕಿತಾ? — ಪುರಾತತ್ವ ಓದಬೇಕು ಅಂತಿರೋ ಪಿಯುಸಿ ಹುಡುಗ

ಉತ್ತರ: ಚಿನ್ನ ಬೇಕಾದ್ರೆ ಬೇರೆ ಕಡೆ ಹೋಗು ತಮ್ಮಾ, ಇಲ್ಲಿ ಸಿಗೋದು ಪೊರಕೆ ಗುರುತು! ನಿಜವಾಗ್ಲೂ. ಆ ಮನೆಗಳ ನೆಲ ಮಣ್ಣಿಂದು, ದಿನಾ ಗುಡಿಸಿ ಗುಡಿಸಿ ನಡುವೆ ಸವೆದು ಊಟದ ತಟ್ಟೆ ಥರ ಕುಳಿಯಾಗಿರುತ್ತೆ, ಅಷ್ಟು ಚೊಕ್ಕಟ. ಕೊಳಕು ಬಡವರು ಅಂತ ಅವರ ಬಗ್ಗೆ ಯಾರಾದ್ರೂ ಬರೆದ್ರೆ ನಂಗೆ ಈ ನೆಲ ಜ್ಞಾಪಕಕ್ಕೆ ಬರುತ್ತೆ.

ಅಗೆದ ಕತೆಯೇ ಒಂದು ದೊಡ್ಡದು, ನೀನು ಈ ಕ್ಷೇತ್ರಕ್ಕೆ ಬರೋನಾದ್ರೆ ತಿಳ್ಕೊಂಡಿರು. ಮಾರಿಸ್ ಬೆರಸ್‌ಫರ್ಡ್ ಅಂತ, ಲೀಡ್ಸ್ ಯೂನಿವರ್ಸಿಟೀಲಿ ಆರ್ಥಿಕ ಇತಿಹಾಸದ ಮೇಷ್ಟ್ರು, ಅಗೆಯೋ ಟ್ರೈನಿಂಗ್ ಇಲ್ಲ, ಕಾಗದಪತ್ರದ ಮನುಷ್ಯ. ಹಾಳೂರುಗಳ ಪಟ್ಟಿ ಮಾಡ್ತಾ ಮಾಡ್ತಾ 1948ರಲ್ಲಿ ವಾರಂ ಪರ್ಸಿಗೆ ಬಂದ್ರು, 1950ರಲ್ಲಿ ತಾವೇ ಗುದ್ದಲಿ ಹಿಡಿದ್ರು. ಆಮೇಲೆ ಜಾನ್ ಹರ್ಸ್ಟ್ ಅನ್ನೋ ನಿಜವಾದ ಪುರಾತತ್ವಜ್ಞ ಬಂದು ಸೇರ್ಕೊಂಡ್ರು. ಇಬ್ರೂ ಸೇರಿ ಪ್ರತಿ ಬೇಸಿಗೆ ಕೆಲವೇ ವಾರ, 1990ರವರೆಗೆ, ನಲವತ್ತು ವರ್ಷ! ಕೆಲಸಗಾರರು ಬಹುಪಾಲು ಸ್ವಯಂಸೇವಕರು. ಅಷ್ಟು ವರ್ಷ ಅಗೆದ್ರೂ ಊರಿನ ಒಂದು ಸಣ್ಣ ಪಾಲು ಮಾತ್ರ ತೆರೆದಿದ್ದು, ಉಳಿದದ್ದು ಹಾಗೇ ಮಣ್ಣೊಳಗಿದೆ.

ಮೊದಲೆಲ್ಲಾ ಅಗೆಯೋದು ಅಂದ್ರೆ ಚೌಕ ಚೌಕ ಗುಂಡಿ, ಮಧ್ಯ ಮಣ್ಣಿನ ಗೋಡೆ ಬಿಟ್ಟು. ಕೋಟೆ, ಅರಮನೆಗೆ ಅದು ಸರಿ. ಬಡವನ ಮನೆ ಗೋಡೆ ಅಂದ್ರೆ ಒಂದು ಸಾಲು ಸುಣ್ಣಕಲ್ಲು, ಅದೂ ಅರ್ಧ ಕಿತ್ತಿರುತ್ತೆ, ಚೌಕದ ಗುಂಡೀಲಿ ಅದು ಗೋಡೆನೋ ಬಿದ್ದ ಕಲ್ಲೋ ಗೊತ್ತೇ ಆಗಲ್ಲ. ಅದಕ್ಕೆ ಇವರು ಡೆನ್ಮಾರ್ಕ್ ಕಡೆಯ ಪದ್ಧತಿ ತಂದ್ರು, ಇಡೀ ಮನೆ ಜಾಗದ ಮೇಲ್ಮಣ್ಣು ಒಟ್ಟಿಗೇ ತೆಗೆದು, ಒಂದೊಂದು ಕಲ್ಲನ್ನೂ ಇದ್ದ ಜಾಗದಲ್ಲೇ ನಕ್ಷೆ ಬರೆದು, ಪದರ ಪದರವಾಗಿ ಇಳಿಯೋದು. ಇವತ್ತು ಇದು ಮಾಮೂಲಿ, ಆಗ ಹೊಸದು.

ಇನ್ನೊಂದು ತಮಾಷೆ. ಒಂದರ ಮೇಲೊಂದು ಗೋಡೆ ಸಾಲು ಸಿಕ್ಕಿದ್ದು ನೋಡಿ ಮೊದಲು ಅವರು ಏನಂದ್ಕೊಂಡ್ರು ಅಂದ್ರೆ, ಇವು ಕಳಪೆ ಗುಡಿಸಲು, ತಲೆಮಾರಿಗೊಂದು ಸಲ ಬಿದ್ದು ಹೊಸದಾಗಿ ಕಟ್ತಿದ್ರು ಅಂತ. ವರ್ಷಗಟ್ಟಲೆ ಎಲ್ರೂ ಇದನ್ನೇ ಒಪ್ಪಿದ್ರು. ಆಮೇಲೆ ಸ್ಟುವರ್ಟ್ ರಾಥ್‌ಮೆಲ್ ಅನ್ನೋರು ಅದೇ ನಕ್ಷೆಗಳನ್ನ ಮತ್ತೆ ಬಿಡಿಸಿ ಕೂತು, ಸೂರಿನ ಭಾರ ಗೋಡೆ ಮೇಲಿರಲೇ ಇಲ್ಲ ಕಣ್ರೀ ಅಂದ್ರು. ಬಾಗಿದ ಎರಡು ದೊಡ್ಡ ಮರದ ತೊಲೆ, ಮೇಲೆ ಕೂಡಿಸಿ ನಿಲ್ಸಿದ್ರೆ ಕತ್ತರಿ ಕಾಲಿನ ಹಾಗೆ, ಅಂಥ ಜೋಡಿಗಳು ಸೂರನ್ನ ಹೊತ್ತಿದ್ವು. ಗೋಡೆ ಬರೀ ಮರೆ, ಶಿಥಿಲ ಆದಾಗ ಬದಲಾಯಿಸೋದು, ಮನೆ ಮಾತ್ರ ಅದೇ, ತಲೆಮಾರುಗಟ್ಟಲೆ. ಗುಡಿಸಲು ಅಂದ್ಕೊಂಡಿದ್ದು ಗಟ್ಟಿ ಮನೆ ಆಯ್ತು, ಹೊಸದಾಗಿ ಒಂದು ಹಾರೆ ಮಣ್ಣೂ ತೆಗೀದೇ!

ಸಿಕ್ಕ ಸಾಮಾನು ಕೇಳಿದೆಯಲ್ಲ, ಮಡಕೆ ಚೂರು ರಾಶಿ ರಾಶಿ, ಚಾಕು, ಸಾಣೆಕಲ್ಲು, ನೂಲೋ ಕದಿರಿನ ಬಿಲ್ಲೆ, ಸಮುದ್ರದ ಮೀನಿನ ಮೂಳೆ. ಕರಾವಳಿಯಿಂದ ಅಷ್ಟು ಒಳಗಿರೋ ಗುಡ್ಡದ ಊರಿಗೆ ಸಮುದ್ರದ ಮೀನು ಬರ್ತಿತ್ತು ನೋಡು. ಬೀಗ, ಬೀಗದ ಕೈಗಳೂ ಸಿಕ್ಕಿವೆ. ಬೀಗ ಹಾಕೋಕೆ ಏನೋ ಇತ್ತು ಅಂತ ಅರ್ಥ ತಾನೇ. ದಕ್ಷಿಣದ ಡಾರ್ಟ್‌ಮೂರ್ ಬೆಟ್ಟದಲ್ಲಿ ಹೌಂಡ್ ಟಾರ್ ಅಂತ ಇನ್ನೊಂದು ಹಾಳೂರು ಇದೆ, ಅಲ್ಲಿ ಗ್ರಾನೈಟ್ ಕಲ್ಲಿನ ಮನೆ, ಅದರಿಂದ ಗೋಡೆ ಇವತ್ತಿಗೂ ನಿಂತಿದೆ, ಉದ್ದ ಮನೆ, ಒಂದು ತುದಿ ಜನಕ್ಕೆ, ಇಳಿಜಾರಿನ ಕಡೆ ತುದಿ ಕೊಟ್ಟಿಗೆ, ಗಂಜಲ ಹರಿಯೋಕೆ ಮಧ್ಯ ಕಲ್ಲಿನ ಚರಂಡಿ. ಕಾಳು ಒಣಗಿಸೋ ಒಲೆಗಳೂ ಇವೆ ಅಲ್ಲಿ, ಯಾಕಂದ್ರೆ ಆ ಮಂಜು ಮಳೇಲಿ ಬಿಸಿಲಿಗೆ ಒಣಗಿಸ್ತೀನಿ ಅಂದ್ರೆ ಬೂಷ್ಟು ಹಿಡೀತಿತ್ತು.

ಪ್ರಶ್ನೆ: ಇದೇ ವಾರಂ ಪರ್ಸೀಲಿ ಸತ್ತವರು ಎದ್ದು ಬರಬಾರದು ಅಂತ ಹೆಣ ಕತ್ತರಿಸಿ ಸುಡ್ತಿದ್ರಂತೆ, ಯಾವಾಗಲೋ ಓದಿದ್ದೆ. ಇದು ನಿಜಾನಾ ಇಲ್ಲ ಸುದ್ದಿಯವರ ಮಸಾಲೆನಾ?

ಉತ್ತರ: ಮೂಳೆ ನಿಜ, ವಿವರಣೆ ಊಹೆ. ಆದ್ರೆ ಹಗುರವಾದ ಊಹೆಯಲ್ಲ.

ಚರ್ಚಿನ ಸ್ಮಶಾನದಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳು ಏಳುನೂರರ ಹತ್ತಿರ. ಇವು ಬೇರೆ, ಇವು ಮಾಮೂಲಿ ಹೂತವು. ನೀವು ಹೇಳ್ತಿರೋದು ಸ್ಮಶಾನದಲ್ಲಿ ಅಲ್ಲ, ಊರೊಳಗೆ ಗುಂಡಿಗಳಲ್ಲಿ ಸಿಕ್ಕಿದ್ದು, 137 ಮೂಳೆ, ಕಮ್ಮಿ ಅಂದ್ರೂ ಹತ್ತು ಜನರದ್ದು, ಗಂಡಸರು, ಹೆಂಗಸರು, ಮಕ್ಕಳೂ ಇದ್ದಾರೆ. 11ರಿಂದ 14ನೇ ಶತಮಾನದೊಳಗಿನವು. ಸತ್ತ ಮೇಲೆ ಚಾಕುವಿಂದ ಕೊಯ್ದ ಗೆರೆ ಇದೆ, ಸುಟ್ಟ ಗುರುತಿದೆ. ಹಿಸ್ಟಾರಿಕ್ ಇಂಗ್ಲೆಂಡ್ ಅನ್ನೋ ಅಲ್ಲಿನ ಸರ್ಕಾರಿ ಪರಂಪರೆ ಸಂಸ್ಥೆ ಮತ್ತೆ ಸೌತಾಂಪ್ಟನ್ ಯೂನಿವರ್ಸಿಟಿಯವರು 2017ರಲ್ಲಿ ಇದನ್ನ ಪ್ರಕಟಿಸಿದ್ರು. ಹೊರಗಿನವರನ್ನ ಕೊಂದಿದ್ದಾ ಅಂತ ಹಲ್ಲು ಪರೀಕ್ಷೆ ಮಾಡಿದ್ರು, ಯಾಕಂದ್ರೆ ಮಗುವಾಗಿದ್ದಾಗ ಬೆಳೆದ ನೆಲದ ಗುರುತು ಹಲ್ಲಲ್ಲಿ ಉಳಿಯುತ್ತೆ, ನೋಡಿದ್ರೆ ಆಸುಪಾಸಿನವರೇ. ಬರಗಾಲದಲ್ಲಿ ತಿಂದಿರಬಹುದಾ ಅಂದ್ರೆ, ಮಾಂಸಕ್ಕೆ ಕೊಯ್ಯೋರು ದೊಡ್ಡ ಕೀಲು, ತೊಡೆ ಹತ್ರ ಕೊಯ್ತಾರೆ, ಇಲ್ಲಿ ಗೆರೆಗಳು ಹೆಚ್ಚಾಗಿ ತಲೆ ಕತ್ತಿನ ಕಡೆ. ಹಾಗಾಗಿ ಉಳಿದಿದ್ದು ಮೂರನೇದು, ಸತ್ತವನು ಎದ್ದು ಓಡಾಡ್ತಾನೆ ಅನ್ನೋ ಭಯ. ಅದೇ ಯಾರ್ಕ್‌ಶೈರ್‌ನಲ್ಲಿ 12ನೇ ಶತಮಾನದಲ್ಲಿ ಇದ್ದ ನ್ಯೂಬರ್ಗ್‌ನ ವಿಲಿಯಂ ಅನ್ನೋ ಪಾದ್ರಿ ಇಂಥ ಘಟನೆಗಳನ್ನ ಬರೆದಿಟ್ಟಿದ್ದಾನೆ, ಹೆಣ ತೆಗೆದು ತುಂಡು ಮಾಡಿ ಸುಟ್ರು ಅಂತಾನೇ. ಆದ್ರೂ ಸಂಶೋಧಕರು ಇದು ಹೆಚ್ಚು ಹೊಂದುತ್ತೆ ಅಂದ್ರೇ ಹೊರತು ಇದೇ ಖಚಿತ ಅನ್ನಲಿಲ್ಲ, ತಲೆಬರಹ ಕೊಟ್ಟೋರು ಅದನ್ನ ನುಂಗಿಬಿಟ್ರು.

ನಂಗೆ ಕೇಳಿದ್ರೆ ಈ ಭೂತದ ಗುಂಡಿಗಿಂತ ಆ ಏಳುನೂರು ಸಾದಾ ಅಸ್ಥಿಪಂಜರಗಳೇ ಜಾಸ್ತಿ ಮಾತಾಡ್ತವೆ. ಮೂಳೆಯ ರಾಸಾಯನಿಕ ಪರೀಕ್ಷೆಯಿಂದ ತಾಯಂದಿರು ಸುಮಾರು ಒಂದೂವರೆ ವರ್ಷ ಹಾಲು ಕುಡಿಸ್ತಿದ್ರು ಅಂತ ಗೊತ್ತಾಗಿದೆ. ಎದೆಹಾಲು ಬಿಡಿಸಿದ ಮೇಲೆ ಮಕ್ಕಳು ಕುಂಠಿತ, 14 ವರ್ಷದ ಮಗು ಈಗಿನ 10 ವರ್ಷದ ಮಗುವಿನಷ್ಟೇ ಎತ್ತರ ಇರೋದು. ಇನ್ನೊಬ್ಬ, ನಲವತ್ತರ ಆಸುಪಾಸಿನ ಗಂಡಸು, ಸಾವಿರ ವರ್ಷದ ಹಿಂದೆ, ತಲೆಗೆ ದೊಡ್ಡ ಏಟು ಬಿದ್ದು ಬುರುಡೆ ಒಳಕ್ಕೆ ಹೋಗಿತ್ತು, ಯಾರೋ ಆ ಭಾಗದ ಮೂಳೆ ಎತ್ತಿ ತೆಗೆದಿದ್ದಾರೆ, ಅಂಚೆಲ್ಲಾ ಮತ್ತೆ ಬೆಳೆದು ನುಣ್ಣಗಾಗಿದೆ, ಅಂದ್ರೆ ಬದುಕಿದ! ಮಂಪರು ಮದ್ದಿಲ್ಲದ ಕಾಲದಲ್ಲಿ ಒಂದು ಹಳ್ಳೀಲಿ ತಲೆ ಆಪರೇಷನ್ ಮಾಡಿ ಬದುಕಿಸಿದ ಆ ಕೈ ಯಾರದೋ.

ಪ್ರಶ್ನೆ: ಅಣ್ಣ ಅಲ್ಲೇ ಇದ್ದಾನೆ, ಮೆಟಲ್ ಡಿಟೆಕ್ಟರ್ ತಗೊಂಡಿದ್ದಾನೆ. ಇಂಥ ಹಾಳೂರಿಗೆ ಹೋಗಿ ಹುಡುಕಬಹುದಾ?

ಉತ್ತರ: ಬೇಡ ಅನ್ನಿ, ತಕ್ಷಣ ಅನ್ನಿ. ಮುಖ್ಯವಾದ ಹಾಳೂರುಗಳು ಸಂರಕ್ಷಿತ ಸ್ಮಾರಕ, ಅನುಮತಿ ಪತ್ರ ಇಲ್ದೇ ಅಲ್ಲಿ ಡಿಟೆಕ್ಟರ್ ಹಿಡಿಯೋದು 1979ರ ಕಾಯ್ದೆ ಪ್ರಕಾರ ಅಪರಾಧ, ಏನೂ ಸಿಗದಿದ್ರೂ. ಬೇರೆ ಹೊಲಕ್ಕೂ ಮಾಲೀಕನ ಒಪ್ಪಿಗೆ ಬೇಕು, ಚಿನ್ನ ಬೆಳ್ಳಿಯ ಹಳೇ ಸಾಮಾನು ಸಿಕ್ರೆ 1996ರ ನಿಧಿ ಕಾಯ್ದೆಯಂತೆ ತಿಳಿಸಲೇಬೇಕು. ಹುಡುಕೋ ಚಪಲ ಇದ್ರೆ ಕಂಪ್ಯೂಟರಲ್ಲಿ ಹುಡುಕಲಿ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಲೈಡಾರ್ ಚಿತ್ರಗಳನ್ನ ಅಲ್ಲಿನ ಪರಿಸರ ಏಜೆನ್ಸಿ 2015ರಿಂದ ಪುಕ್ಕಟೆ ಕೊಡ್ತಿದೆ, ಗಿಡ ಮರ ಕಳೆದು ಬರೀ ನೆಲ ನೋಡಬಹುದು. ರಾತ್ರಿ ನಿದ್ದೆ ಬಿಟ್ಟು ಕೂತ್ರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಪ್ರಶ್ನೆ: ಹೊಲದ ಮಧ್ಯೆ ಒಂಟಿ ಚರ್ಚ್ ಕಂಡ್ರೆ ಅಲ್ಲಿ ಊರಿತ್ತು ಅಂತಾನೇ ಅರ್ಥಾನಾ? ಇಂಥವು ಒಟ್ಟು ಎಷ್ಟಿವೆ? ನಮ್ಮಲ್ಲಿ ಬೇಚರಾಕ್ ಗ್ರಾಮ ಅಂದ್ರೆ ಏನಾದ್ರೂ ಒಂದು ಕತೆ ಇದ್ದೇ ಇರುತ್ತೆ, ಅಲ್ಲೂ ಹಾಗೇನಾ?

ಉತ್ತರ: ಇಂಗ್ಲೆಂಡ್ ಒಂದರಲ್ಲೇ ಸುಮಾರು 3,000 ಅಂತ ಲೆಕ್ಕ. ಒಂಟಿ ಚರ್ಚ್ ನೋಡಿ ಅನುಮಾನ ಪಡಬಹುದು, ತೀರ್ಪು ಕೊಡೋಕಾಗಲ್ಲ. ನಾರ್ಫೋಕ್ ಕಡೆ ಎಷ್ಟೋ ಊರು ಸತ್ತಿಲ್ಲ, ಮೇವಿನ ಗೋಮಾಳದ ಅಂಚಿಗೆ ಸರಿದು ಕೂತವೆ, ಚರ್ಚ್ ಹಿಂದೆ ಉಳೀತು. ಕೆಲವು ಕಡೆ ಸನ್ಯಾಸಿಗಳ ಮಠ ಬಂದು ಊರು ಎದ್ದಿದೆ, 18ನೇ ಶತಮಾನದಲ್ಲಿ ಡಾರ್ಸೆಟ್‌ನ ಲಾರ್ಡ್ ಮಿಲ್ಟನ್ ಥರದವರು ತಮ್ಮ ಬಂಗಲೆ ಮುಂದಿನ ನೋಟಕ್ಕೆ ಅಡ್ಡ ಅಂತ ಇಡೀ ಪೇಟೆಯನ್ನೇ ಕಿತ್ತು ಆಚೆ ಕಟ್ಟಿಸಿದ್ದೂ ಇದೆ. ಅದರ ಬಗ್ಗೆ ಬರೆಯೋಕೆ ಹೋದ್ರೆ ನಂಗೆ ಸಿಟ್ಟು ಬರುತ್ತೆ, ಬಿಡಿ.

ಕತೆ ಕೇಳಿದ್ರಲ್ಲ, ಇದೆ. ಲಿಂಕನ್‌ಶೈರ್‌ನಲ್ಲಿ ಗೇನ್ಸ್‌ಥಾರ್ಪ್ ಅಂತ ಒಂದು ಹಾಳೂರು, ಇಡೀ ದೇಶದಲ್ಲೇ ಗುರುತುಗಳು ಚೆನ್ನಾಗಿ ಉಳಿದಿರೋ ಜಾಗಗಳಲ್ಲೊಂದು. 1690ರ ದಶಕದಲ್ಲಿ ಅಬ್ರಹಾಂ ಡಿ ಲಾ ಪ್ರೈಮ್ ಅನ್ನೋ ಪಾದ್ರಿ ಅಲ್ಲಿಗೆ ಹೋಗಿ, ಹುಲ್ಲೊಳಗೆ ಅಡಿಪಾಯ, ಬೀದಿ ಎಲ್ಲಾ ನೋಡಿ ಎಣಿಸಿ, ಸುತ್ತಲಿನವರನ್ನ ಏನಾಯ್ತು ಅಂತ ಕೇಳ್ತಾನೆ. ಅವರು ಹೇಳಿದ್ರಂತೆ, ಅದು ಕಳ್ಳರ ಊರು ಸ್ವಾಮಿ, ಇದ್ದವರೆಲ್ಲಾ ದರೋಡೆಕೋರರು, ಕಾಟ ತಡೀಲಾರದೆ ಸೀಮೆಯವರೆಲ್ಲಾ ಒಂದಾಗಿ ಹೋಗಿ ಮನೆಗಳನ್ನ ಅವರ ತಲೆ ಮೇಲೇ ಕೆಡವಿದ್ರು ಅಂತ. ಪಾದ್ರಿ ಅದನ್ನ ಬರ್ಕೊಂಡ, ಬರ್ಕೊಂಡು ಪಕ್ಕದಲ್ಲೇ ತನ್ನ ಅಭಿಪ್ರಾಯಾನೂ ಹಾಕಿದ, ನಂಗೇನೋ ಈ ಊರನ್ನ ತಿಂದಿದ್ದು ಕಾಲ, ಬಡತನ ಮತ್ತೆ ಕುರಿ ಹುಲ್ಲುಗಾವಲು ಅನ್ಸುತ್ತೆ ಅಂತ. ವಿಮಾನ ಇಲ್ಲ, ಲೈಡಾರ್ ಇಲ್ಲ, 1925ರಲ್ಲಿ ಆಕಾಶದಿಂದ ಆ ಊರಿನ ಫೋಟೋ ಬರೋಕೆ ಇನ್ನೂ ಇನ್ನೂರು ವರ್ಷಕ್ಕೂ ಮೇಲಿತ್ತು, ಬರೀ ಹುಲ್ಲಲ್ಲಿ ನಡೆದಾಡಿ ಹೇಳಿದ್ದು.

ಊರು ಬಿಟ್ಟು ಹೋದವರನ್ನೇ ಕಳ್ಳರು ಮಾಡಿಬಿಟ್ಟಿದ್ರು ನೋಡಿ.